ಕಾಡಿಗೆ ಬಂದ ಗಾಲಿ

ಚೆನ್ನೈನ ಮರೀನಾ ದಂಡೆಯಲ್ಲೋ ಮುಂಬೈಯ ಜುಹುವಿನಲ್ಲೋ ಸಂಜೆ ಅಡ್ಡಾಡುವವರು ಆ ಗಾಡಿಯನ್ನು ನೋಡಿರುತ್ತೀರಿ. ಊದಿಕೊಂಡ ನಾಲ್ಕು ಟೈರು, ಮೋಟಾರ್ ಸೈಕಲ್ಲಿನಂಥ ಹ್ಯಾಂಡಲ್ಲು, ಕುದುರೆ ಸವಾರಿಯ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತ ಪೊಲೀಸು. ಮನಾಲಿಗೋ ಲೋನಾವಳಕ್ಕೋ ಕೊಡಗಿಗೋ ರಜೆಗೆ ಹೋದವರ ಮಕ್ಕಳು ಅದರ ಮೇಲೆ ಕೂತು ಮಣ್ಣಿನ ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದು ಬಂದಿರಲೂಬಹುದು. ನಮಗದು ದುಡ್ಡು ಕೊಟ್ಟು ಆಡುವ ಆಟದ ಸಾಮಾನು. ಹೆಸರು ಎಟಿವಿ, ಅಂದರೆ ಎಲ್ಲ ಬಗೆಯ ನೆಲದ ಮೇಲೂ ಓಡುವ ಗಾಡಿ. ಕ್ವಾಡ್ ಬೈಕ್ ಅಂತಲೂ ಕರೆಯುತ್ತಾರೆ.

ಈ ಗಾಡಿ ನಿಜವಾಗಿ ಎಲ್ಲಿಯದು, ಯಾತಕ್ಕೆ ಬೇಕಾಯಿತು ಎಂದು ಕೇಳಿದರೆ ಅಲಾಸ್ಕಾದ ಸೆಪ್ಟೆಂಬರ್ ತಿಂಗಳಿಗೆ ಹೋಗಬೇಕು. ಅಲ್ಲಿ ಅದು ಮೂಸ್ ಬೇಟೆಯ ಕಾಲ. ಮೂಸ್ ಎಂದರೆ ಜಿಂಕೆಯ ಕುಲದಲ್ಲೇ ಅತಿ ದೊಡ್ಡದು. ಬೆಳೆದ ಗಂಡು ಆರುನೂರು, ಏಳುನೂರು ಕಿಲೋ ತೂಗುತ್ತದೆ. ಗುಂಡು ಹೊಡೆಯುವುದು ಒಂದು ಕ್ಷಣದ ಕೆಲಸ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಚರ್ಮ ಸುಲಿದು, ಕೊಯ್ದು, ಎಲುಬು ಬಿಡಿಸಿದ ಮೇಲೂ ಸುಮಾರು 225 ಕಿಲೋ ಮಾಂಸ ಉಳಿಯುತ್ತದೆ. ಅದನ್ನು ಜೌಗಿನಲ್ಲಿ, ಪೊದೆಗಳ ನಡುವೆ, ಮೈಲುಗಟ್ಟಲೆ ಹೊತ್ತು ರಸ್ತೆಗೆ ತರಬೇಕು. ಭಾರ ಹೆಚ್ಚಾಯಿತೆಂದು ಅರ್ಧ ಬಿಟ್ಟು ಬರುವಂತಿಲ್ಲ. ತಿನ್ನಲು ಬರುವ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಅಲಾಸ್ಕಾದಲ್ಲಿ ಅಪರಾಧ. ಮಾಂಸ ಹೊರಗೆ ಬರುವ ಮೊದಲು ಕೊಂಬನ್ನು ತರುವಂತೆಯೂ ಇಲ್ಲ. ಬೇಟೆ ತಲೆಗಾಗಿ ಅಲ್ಲ, ಊಟಕ್ಕಾಗಿ ಎನ್ನುವುದನ್ನು ಕಾನೂನೇ ಹೀಗೆ ಹೇಳಿಬಿಟ್ಟಿದೆ.

ಒಬ್ಬ ಮನುಷ್ಯ ಬೆನ್ನಿನ ಮೇಲೆ ಒಂದು ಸಲಕ್ಕೆ ಮೂವತ್ತು, ಬಹಳವೆಂದರೆ ನಲವತ್ತು ಕಿಲೋ ಹೊರಬಲ್ಲ. ಅಂದರೆ ಆರೇಳು ಸಲ ಹೋಗಿ ಬರಬೇಕು. ಗಾಡಿ ನಿಂತ ಜಾಗ ಐದು ಕಿಲೋಮೀಟರ್ ದೂರದಲ್ಲಿದ್ದರೆ ಒಟ್ಟು ನಡಿಗೆ ಅರವತ್ತು, ಎಪ್ಪತ್ತು ಕಿಲೋಮೀಟರ್. ಎಷ್ಟು ದೂರ ಹೊತ್ತು ತರಲಾದೀತೋ ಅಷ್ಟೇ ದೂರಕ್ಕೆ ಬೇಟೆಗೆ ಹೋಗುವುದು ಹಳೆಯ ಲೆಕ್ಕ. ಕಾಡಿನ ಎಷ್ಟು ಒಳಗೆ ಮನುಷ್ಯ ಹೋಗಬಹುದು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಅವನ ಬೆನ್ನು. ಈ ಲೆಕ್ಕವನ್ನು ಒಂದು ಸಣ್ಣ ಗಾಡಿ ಹೇಗೆ ಅಳಿಸಿಹಾಕಿತು, ಅದರಿಂದ ಯಾರಿಗೆ ಏನು ಸಿಕ್ಕಿತು, ಏನು ಹೋಯಿತು ಎಂಬುದೇ ಈ ಬರಹ.

ಹಿಮದ ಮೇಲಿನ ಗಾಡಿ, ನೀರಿನ ಮೇಲಿನ ಗಾಡಿ

ಎಟಿವಿಗೆ ಮೊದಲೂ ಈ ಆಸೆ ಇತ್ತು. ಅಮೆರಿಕದ ಮಿನೆಸೋಟ ರಾಜ್ಯದ ಉತ್ತರದ ಅಂಚಿನಲ್ಲಿ, ಕೆನಡಾದ ಗಡಿಗೆ ಹತ್ತಿರ, ರೋಸೊ ಎಂಬ ಸಣ್ಣ ಊರಿದೆ. ಅಲ್ಲಿ ಹೊಲದ ಯಂತ್ರಗಳನ್ನು ಮಾಡುತ್ತಿದ್ದ ಒಂದು ಪುಟ್ಟ ಕಾರ್ಖಾನೆಯಲ್ಲಿ 1950ರ ದಶಕದ ನಡುವಿನಲ್ಲಿ ಡೇವಿಡ್ ಜಾನ್ಸನ್ ಮತ್ತು ಜೊತೆಗಾರರು ಹಿಮದ ಮೇಲೆ ಓಡುವ ಒಂದು ಯಂತ್ರ ಕಟ್ಟಿದರು. ಚಳಿಗಾಲದಲ್ಲಿ ದೂರದ ಬೇಟೆ ಬಿಡಾರ ತಲುಪುವುದು ಅವರಿಗೆ ಬೇಕಿತ್ತು. ಆ ಕಾರ್ಖಾನೆಯೇ ಪೊಲಾರಿಸ್. ಮಾಲೀಕರಲ್ಲಿ ಒಬ್ಬನಾದ ಎಡ್ಗರ್ ಹೆಟೀನ್ ಇಂಥ ಯಂತ್ರಗಳಲ್ಲಿ 1960ರಲ್ಲಿ ಅಲಾಸ್ಕಾದ ಬೆಥೆಲ್‌ನಿಂದ ಫೇರ್‌ಬ್ಯಾಂಕ್ಸ್‌ವರೆಗೆ ಹೋಗಿ, ಇದು ಗಟ್ಟಿ ಗಾಡಿ ಎಂದು ತೋರಿಸಿಕೊಟ್ಟ. ಮುಂದಿನ ಹತ್ತು, ಹದಿನೈದು ವರ್ಷಗಳಲ್ಲಿ ಉತ್ತರದ ಹಳ್ಳಿಗಳಲ್ಲಿ ನಾಯಿಗಳು ಎಳೆಯುವ ಜಾರುಗಾಡಿಯ ಜಾಗವನ್ನು ಸ್ನೋಮೊಬೈಲ್ ಹಿಡಿಯಿತು.

ಆದರೆ ಸ್ನೋಮೊಬೈಲ್ ಹಿಮ ಇದ್ದಷ್ಟು ದಿನ. ಹಿಮ ಕರಗಿದ ಮೇಲೆ ಕೆಸರು, ಕಲ್ಲು, ಹಳ್ಳ. ಅದಕ್ಕೆಂದು 1960ರ ದಶಕದಲ್ಲಿ ಕೆನಡಾದಲ್ಲಿ ಆರು ಗಾಲಿಯ ಪುಟ್ಟ ಗಾಡಿಗಳು ಹುಟ್ಟಿಕೊಂಡವು. ನೋಡಲು ಸ್ನಾನದ ತೊಟ್ಟಿಗೆ ಗಾಲಿ ಸಿಕ್ಕಿಸಿದಂತೆ. ನೀರಿಗೆ ಇಳಿಸಿದರೆ ತೇಲುತ್ತಿದ್ದವು. ಸ್ಟೀರಿಂಗ್ ಇಲ್ಲ. ಟ್ಯಾಂಕ್ ತಿರುಗುವ ಹಾಗೆ ಒಂದು ಪಕ್ಕದ ಗಾಲಿಗಳನ್ನು ತಡೆದು ಇನ್ನೊಂದು ಪಕ್ಕದವನ್ನು ಓಡಿಸಿ ತಿರುಗಿಸಬೇಕು. ಜೈಗರ್, ಆಂಫಿಕ್ಯಾಟ್ ಮುಂತಾದ ಹೆಸರಿನ ಈ ಗಾಡಿಗಳು ಹೆಚ್ಚು ಕಾಲ ಬಾಳಲಿಲ್ಲ. ಆದರೆ ಅವುಗಳ ಟೈರು ಉಳಿಯಿತು. ಬಲೂನಿನ ಹಾಗೆ ದಪ್ಪಗೆ, ತೀರಾ ಕಡಿಮೆ ಗಾಳಿ ತುಂಬಿದ ಮೆತ್ತನೆಯ ಟೈರು. ಮುಂದಿನ ಕಥೆಯೆಲ್ಲ ಆ ಟೈರಿನ ಮೇಲೆ ನಿಂತಿದೆ.

ಚಳಿಗಾಲದ ಅಂಗಡಿಗೆ ಒಂದು ಸರಕು

1967ರಲ್ಲಿ ಹೋಂಡಾದ ಅಮೆರಿಕ ಶಾಖೆಯವರಿಗೆ ಒಂದು ವ್ಯಾಪಾರದ ತೊಂದರೆ ಇತ್ತು. ಚಳಿಗಾಲದಲ್ಲಿ ಮೋಟಾರ್ ಸೈಕಲ್ ಯಾರೂ ಕೊಳ್ಳುವುದಿಲ್ಲ, ಅಂಗಡಿಗಳು ಸುಮ್ಮನೆ ಕೂರಬೇಕು. ಆಗಲೂ ಮಾರಬಹುದಾದ ಏನಾದರೂ ಮಾಡಿಕೊಡಿ ಎಂದು ಜಪಾನಿಗೆ ಕೇಳಿಕೊಂಡರು. ಕೆಲಸ ಒಸಾಮು ತಾಕೆಯುಚಿ ಎಂಬ ಎಂಜಿನಿಯರಿನ ಮೇಜಿಗೆ ಬಂತು. ಅವನು ಎರಡರಿಂದ ಆರು ಗಾಲಿಯವರೆಗೆ ಬಗೆಬಗೆಯ ಮಾದರಿ ಮಾಡಿ ನೋಡಿದ. ಹಿಮದಲ್ಲಿ, ಕೆಸರಿನಲ್ಲಿ, ಜಾರುವ ನೆಲದಲ್ಲಿ ಸಣ್ಣ ಎಂಜಿನ್ನಿಗೆ ಹೊಂದುವುದು ಮೂರು ಗಾಲಿಯೇ ಎಂದು ಕಂಡುಕೊಂಡ. ಸಾಮಾನ್ಯ ಟೈರು ಹಿಮದಲ್ಲಿ ಹೂತುಹೋಗುತ್ತಿತ್ತು. ಅಮೆರಿಕದಿಂದ ಆಂಫಿಕ್ಯಾಟಿನ ಬಲೂನ್ ಟೈರು ಬಂದ ಮೇಲೆ ಆ ಗಂಟು ಬಿಡಿಸಿತು.

ಇದರ ತರ್ಕ ಸರಳ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ 30 ಪಿಎಸ್‌ಐ ಆಸುಪಾಸು ಇರುತ್ತದೆ. ಈ ಟೈರಿನಲ್ಲಿ ಎರಡು, ಮೂರು ಮಾತ್ರ. ಹಾಗಾಗಿ ಟೈರು ನೆಲದ ಮೇಲೆ ಅಗಲವಾಗಿ ಹರಡಿ ಕೂರುತ್ತದೆ, ಭಾರ ಹಂಚಿಹೋಗುತ್ತದೆ. ಒಂಟೆಯ ಪಾದ ಮರಳಿನಲ್ಲಿ ಹೂಳದೆ ಇರುವುದೂ ಇದೇ ಕಾರಣಕ್ಕೆ.

1970ರಲ್ಲಿ ಹೋಂಡಾ ಯುಎಸ್90 ಮಾರುಕಟ್ಟೆಗೆ ಬಂತು. 89 ಸಿಸಿ ಎಂಜಿನ್, ಏಳು ಕುದುರೆ ಶಕ್ತಿ, ಬೆಲೆ 595 ಡಾಲರ್. ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಕುಲುಕು ತಡೆಯುವ ಕೆಲಸವೂ ಟೈರಿನದೇ. ಹ್ಯಾಂಡಲ್ ಕಳಚಿಟ್ಟು ಕಾರಿನ ಡಿಕ್ಕಿಯೊಳಗೆ ಹಾಕಿಕೊಂಡು ಹೋಗಬಹುದಿತ್ತು. ಮುಂದೆ ಅದರ ಹೆಸರು ಎಟಿಸಿ90 ಎಂದು ಬದಲಾಯಿತು. 1971ರ ಜೇಮ್ಸ್ ಬಾಂಡ್ ಚಿತ್ರ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಶಾನ್ ಕಾನರಿ ಇದರ ಮೇಲೆ ಮರಳುಗಾಡಿನಲ್ಲಿ ಓಡುವ ದೃಶ್ಯವಿದೆ. ಚಳಿಗಾಲದ ಸರಕೆಂದು ಹುಟ್ಟಿದ್ದು ವರ್ಷವಿಡೀ ಮಾರಾಟವಾಗತೊಡಗಿತು.

ಆಟಿಕೆಯನ್ನು ಎತ್ತಾಗಿಸಿದವರು

ಕಂಪನಿ ಮಾರಿದ್ದು ಮೋಜಿನ ಗಾಡಿ. ಕೊಂಡವರಲ್ಲಿ ರೈತರು, ಬೇಟೆಗಾರರು ಬಹಳ ಮಂದಿ. ರೈತ ಅದರ ಮೇಲೆ ಬೇಲಿ ನೋಡಿಕೊಂಡು ಬಂದ, ದನಗಳ ಹಿಂದೆ ಓಡಾಡಿದ. ಬೇಟೆಗಾರ ಹಿಂದೆ ಒಂದು ಹಲಗೆ ಕಟ್ಟಿ ಸಾಮಾನು ಹೇರಿದ. ಕಟಾವಾದ ಜೋಳದ ಕೂಳೆ ಚುಚ್ಚಿ ಮೆತ್ತನೆಯ ಟೈರು ತೂತಾಗುತ್ತದೆ ಎಂದು ದೂರುಗಳು ಬಂದಾಗಲೇ ಇದು ಎಲ್ಲೆಲ್ಲಿ ಓಡಾಡುತ್ತಿದೆ ಎಂದು ಕಂಪನಿಗೆ ತಿಳಿದದ್ದು. ಟೈರಿನ ಒಳಗೆ ಗಟ್ಟಿ ನೂಲಿನ ಪದರ ಬಂತು. 1982ರಲ್ಲಿ ಹೋಂಡಾ ‘ಬಿಗ್ ರೆಡ್’ ಎಂಬ ಮಾದರಿ ತಂದಿತು. ಮುಂದೊಂದು ಹಿಂದೊಂದು ಸಾಮಾನಿನ ಕಂಬಿ, ಬಟನ್ ಒತ್ತಿದರೆ ಸ್ಟಾರ್ಟ್. ಅದು ದುಡಿಮೆಗೆಂದೇ ಮಾಡಿದ ಗಾಡಿ. ಬಳಸುವವರು ಮೊದಲು ದಾರಿ ಮಾಡಿಕೊಂಡರು, ತಯಾರಿಸುವವರು ಹಿಂದಿನಿಂದ ಬಂದರು.

ಅದೇ ಹೊತ್ತಿಗೆ ಸುಜುಕಿ ನಾಲ್ಕನೆಯ ಗಾಲಿ ಸೇರಿಸಿತು. 1982ರಲ್ಲಿ ಬಂದ ಅದರ ಕ್ವಾಡ್‌ರನ್ನರ್‌ಗೆ ರಿವರ್ಸ್ ಗೇರೂ ಇತ್ತು. ಕಿರಿದಾದ ಕಾಡುದಾರಿಯಲ್ಲಿ ಸಿಕ್ಕಿಕೊಂಡು ಒಮ್ಮೆಯಾದರೂ ಗಾಡಿಯನ್ನು ಎತ್ತಿ ತಿರುಗಿಸಿದವರಿಗೆ ಮಾತ್ರ ಅದರ ಬೆಲೆ ಗೊತ್ತಾದೀತು. 1985ರಲ್ಲಿ ರೋಸೊದ ಪೊಲಾರಿಸ್ ಗೇರು ಬದಲಿಸುವ ಗೋಜಿಲ್ಲದ ಎಟಿವಿ ತಂದಿತು. 1986ರ ಸುಮಾರಿಗೆ ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ಮಾದರಿಗಳು ಬಂದವು. ಅಲ್ಲಿಗೆ ಬೇಟೆಗಾರನ ಗಾಡಿ ಸಿದ್ಧವಾಯಿತು. ಮುಂದೆ ಕೆಸರಿನಿಂದ ಎಳೆದುಕೊಳ್ಳಲು ಉಕ್ಕಿನ ಹಗ್ಗದ ರಾಟೆ, ಪಕ್ಕದಲ್ಲಿ ಬಂದೂಕಿನ ಚೀಲ, ಹಿಂದೆ ಚಿಕ್ಕ ಟ್ರೇಲರು. ಏಳು ಸಲದ ಹೊರೆ ಎರಡು ಸಲಕ್ಕೆ ಇಳಿಯಿತು. ಬೆನ್ನಿನ ಲೆಕ್ಕ ಮುಗಿಯಿತು.

ಇದರಲ್ಲಿ ಗೆದ್ದವರನ್ನು ಮರೆಯಬಾರದು. ಮಂಡಿ ಸವೆದ ಅರವತ್ತೈದರ ಮುದುಕ ಇನ್ನೂ ಹತ್ತು ವರ್ಷ ಮಗನ ಜೊತೆ ಕಾಡಿಗೆ ಹೋಗುವಂತಾದ. ಯುದ್ಧದಲ್ಲಿ ಕಾಲು ಕಳೆದುಕೊಂಡವನು ಹೋಗುವಂತಾದ. ಅಂಗಡಿಯ ಮಾಂಸ ದುಬಾರಿಯಾದ ದೂರದ ಹಳ್ಳಿಗಳಲ್ಲಿ ಮನೆಯ ಫ್ರೀಜರ್ ತುಂಬಿಕೊಳ್ಳುವುದು ಸುಲಭವಾಯಿತು. ಕುದುರೆ ಸಾಕಲು ಗೋಮಾಳ ಬೇಕು, ವರ್ಷವಿಡೀ ಮೇವು ಬೇಕು. ಇದಕ್ಕೆ ಒಂದು ಶೆಡ್ಡು, ಒಂದು ಕ್ಯಾನು ಪೆಟ್ರೋಲು ಸಾಕು.

ಮಕ್ಕಳ ಲೆಕ್ಕ

ಮೂರು ಗಾಲಿಯ ಗಾಡಿ ನೋಡಲು ಮಕ್ಕಳ ಟ್ರೈಸಿಕಲ್ಲಿನ ಹಾಗಿತ್ತು. ಅದೇ ಅದರ ಅಪಾಯ. ಬೀಳುವುದಿಲ್ಲ ಎಂಬ ನಂಬಿಕೆಯನ್ನು ಆ ಆಕಾರವೇ ಹುಟ್ಟಿಸುತ್ತಿತ್ತು. ನಿಜದಲ್ಲಿ ಅದನ್ನು ತಿರುಗಿಸುವುದೇ ಒಂದು ವಿದ್ಯೆ. ಕಾರು ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕು. ಕಾರಿನಲ್ಲಿ ಅದಕ್ಕೆಂದೇ ಡಿಫರೆನ್ಷಿಯಲ್ ಇದೆ. ಈ ಗಾಡಿಯಲ್ಲಿ ಹಿಂದಿನ ಎರಡೂ ಗಾಲಿ ಒಂದೇ ಗಟ್ಟಿ ಅಚ್ಚಿಗೆ ಬಿಗಿದಿದ್ದವು. ಸವಾರ ತನ್ನ ಮೈಭಾರವನ್ನು ಅತ್ತಿತ್ತ ಸರಿಸಿ ಒಳಗಿನ ಗಾಲಿಯನ್ನು ಹಗುರ ಮಾಡಿದರೆ ಮಾತ್ರ ಅದು ಸಲೀಸಾಗಿ ತಿರುಗುತ್ತಿತ್ತು. ಸೈಕಲ್ ಕಲಿತವರು ವಾಲಿದಾಗ ಕಾಲು ನೆಲಕ್ಕೆ ಊರುತ್ತಾರೆ. ಇಲ್ಲಿ ಹಾಗೆ ಊರಿದ ಕಾಲಿನ ಮೇಲೆ ಹಿಂದಿನ ಗಾಲಿ ಹತ್ತುತ್ತಿತ್ತು. ಅಪ್ಪ ಬೇಟೆಗೆಂದು ತಂದದ್ದನ್ನು ಹನ್ನೆರಡರ ಮಗ ಅಂಗಳದಲ್ಲಿ ಓಡಿಸುತ್ತಿದ್ದ.

1980ರ ದಶಕದ ನಡುವೆ ಎಟಿವಿಗಳಿಂದ ಗಾಯಗೊಂಡು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬರುವವರ ಸಂಖ್ಯೆ ಅಮೆರಿಕದಲ್ಲಿ ವರ್ಷಕ್ಕೆ 80 ಸಾವಿರ ದಾಟಿತು. 1982ರಿಂದಾಚೆಗೆ ಸತ್ತವರು ನೂರಾರು ಮಂದಿ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು 16 ತುಂಬದ ಮಕ್ಕಳು. ಗ್ರಾಹಕ ಉತ್ಪನ್ನಗಳ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಆಯೋಗ 1985ರಲ್ಲಿ ವಿಚಾರಣೆ ಶುರು ಮಾಡಿತು. ಕಂಪನಿಗಳ ವಾದ, ಸವಾರರು ಸರಿಯಾಗಿ ಓಡಿಸುತ್ತಿಲ್ಲ ಎಂಬುದು. ಮಕ್ಕಳನ್ನು ಕಳೆದುಕೊಂಡವರ ವಾದ, ಸರಿಯಾಗಿ ಓಡಿಸುವುದು ಇಷ್ಟು ಕಷ್ಟವೆಂದು ಯಾರೂ ಹೇಳಲಿಲ್ಲ ಎಂಬುದು.

ಕೊನೆಗೆ 1988ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯ ಒಂದು ರಾಜಿ ತೀರ್ಪಿಗೆ ಒಪ್ಪಿಗೆ ಕೊಟ್ಟಿತು. ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ, ಪೊಲಾರಿಸ್ ಈ ಐದೂ ಕಂಪನಿಗಳು ಹತ್ತು ವರ್ಷಕ್ಕೆ ಕಟ್ಟುಬಿದ್ದವು. ಮೂರು ಗಾಲಿಯ ಹೊಸ ಗಾಡಿಗಳ ಮಾರಾಟ ನಿಂತಿತು. ಕೊಳ್ಳುವವರಿಗೆ ತರಬೇತಿ, ಗಾಡಿಯ ಮೇಲೆ ಎಚ್ಚರಿಕೆಯ ಪಟ್ಟಿ, 90 ಸಿಸಿಗಿಂತ ದೊಡ್ಡದನ್ನು 16ರ ಕೆಳಗಿನವರಿಗೆಂದು ಮಾರಬಾರದೆಂಬ ನಿಯಮ ಬಂದವು. ಸರ್ಕಾರ ಮೊದಲು ಕೇಳಿದ್ದ ಒಂದು ಮುಖ್ಯ ಅಂಶ ಮಾತ್ರ ರಾಜಿಯಲ್ಲಿ ಬಿಟ್ಟುಹೋಯಿತು. ಆಗಲೇ ಮಾರಾಟವಾಗಿದ್ದ ಮೂರು ಗಾಲಿಯ ಗಾಡಿಗಳನ್ನು ಹಿಂದಕ್ಕೆ ಪಡೆದು ದುಡ್ಡು ಕೊಡಬೇಕೆಂಬ ಬೇಡಿಕೆ ಅದು. ಹಾಗಾಗಿ ಲಕ್ಷಾಂತರ ಗಾಡಿಗಳು ಜನರ ಶೆಡ್ಡುಗಳಲ್ಲೇ ಉಳಿದವು. ಅಮೆರಿಕದ ಸಂಸತ್ತು ಹೊಸ ಮೂರು ಗಾಲಿಯ ಎಟಿವಿಗಳ ಮಾರಾಟವನ್ನು ಕಾನೂನಿನಲ್ಲೇ ತಡೆದದ್ದು ಇಪ್ಪತ್ತು ವರ್ಷಗಳ ನಂತರ, 2008ರಲ್ಲಿ.

ನಾಲ್ಕು ಗಾಲಿಯಿಂದ ಸಾವು ನಿಲ್ಲಲಿಲ್ಲ. ಗಾಡಿಗಳು ಬೆಳೆದವು. 89 ಸಿಸಿಯ ಆಟಿಕೆಯ ಜಾಗಕ್ಕೆ 800, 1000 ಸಿಸಿಯ, ಮುನ್ನೂರು ಕಿಲೋ ದಾಟಿದ ಯಂತ್ರಗಳು ಬಂದವು. ಅಂಥದ್ದು ಇಳಿಜಾರಿನಲ್ಲಿ ಮಗುಚಿ ಮೈಮೇಲೆ ಬಿದ್ದರೆ ಒಬ್ಬರೇ ಎತ್ತಲಾಗದು. ಆಸ್ಟ್ರೇಲಿಯಾದ ಹೊಲಗಳಲ್ಲಿ ಹೀಗೆ ಸತ್ತವರು ಎಷ್ಟಾದರೆಂದರೆ, 2021ರ ಅಕ್ಟೋಬರಿನಿಂದ ದುಡಿಮೆಯ ಕ್ವಾಡ್ ಬೈಕುಗಳಿಗೆ ಮಗುಚಿದಾಗ ಸವಾರನನ್ನು ಕಾಯುವ ಕಂಬಿ ಇರಲೇಬೇಕೆಂದು ಅಲ್ಲಿ ಕಡ್ಡಾಯ ಮಾಡಿದರು. ಹೋಂಡಾ, ಯಮಹಾ, ಪೊಲಾರಿಸ್ ಅದನ್ನು ಒಪ್ಪದೆ ಆ ಮಾರುಕಟ್ಟೆಯಿಂದ ಇಂಥ ಗಾಡಿಗಳನ್ನು ಹಿಂತೆಗೆದವು.

ನೆಲಕ್ಕೆ ಬಿದ್ದ ಗೆರೆ

ಮನುಷ್ಯನ ಗಾಯ ಆಸ್ಪತ್ರೆಯಲ್ಲಿ ದಾಖಲಾಗುತ್ತದೆ. ನೆಲದ ಗಾಯವನ್ನು ಯಾರು ಬರೆದಿಡಬೇಕು?

ಅಲಾಸ್ಕಾದ ರಾಂಗೆಲ್-ಸೇಂಟ್ ಎಲಾಯಸ್ ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ. 1980ರಲ್ಲಿ ಅದು ಆದಾಗ, ಅಲ್ಲಿ ತಲೆಮಾರುಗಳಿಂದ ಬೇಟೆಯಾಡಿ ಬದುಕಿದವರ ಹಕ್ಕನ್ನು ಕಾನೂನು ಉಳಿಸಿತು. ಅವರ ಗಾಡಿಗಳನ್ನೂ ಪೂರ್ತಿ ತಡೆಯಲಿಲ್ಲ. ಆದರೆ ಅಲ್ಲಿನ ನೆಲ ಬೇರೆ ಜಾತಿಯದು. ಮೇಲೆ ಕಂಬಳಿಯ ಹಾಗೆ ಹಾವಸೆ, ಅದರ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಮಣ್ಣು. ಗಾಲಿ ಪದೇ ಪದೇ ಹಾದರೆ ಕಂಬಳಿ ಹರಿಯುತ್ತದೆ. ಬಿಸಿಲು ಒಳಗಿಳಿದು ಹೆಪ್ಪು ಕರಗುತ್ತದೆ. ನೆಲ ಕುಸಿದು ನೀರು ನಿಲ್ಲುತ್ತದೆ. ಮುಂದೆ ಬಂದವನು ಆ ಕೆಸರು ಬೇಡವೆಂದು ಪಕ್ಕದಲ್ಲಿ ಓಡಿಸುತ್ತಾನೆ. ಅದೂ ಕೆಸರಾದಾಗ ಇನ್ನೊಬ್ಬ ಇನ್ನೂ ಪಕ್ಕಕ್ಕೆ. ಒಂದು ದಾರಿ ಹೆಣೆದ ಜಡೆಯ ಹಾಗೆ ಹತ್ತು ಎಳೆಯಾಗಿ ಹರಡುತ್ತದೆ. ಆ ಚಳಿಯ ನೆಲದಲ್ಲಿ ಹಸಿರು ಮತ್ತೆ ಬೆಳೆದು ಗೆರೆ ಮುಚ್ಚಲು ದಶಕಗಳೇ ಬೇಕು. ಅಲ್ಲಿ ಯಾರೊಬ್ಬರೂ ಕಾಡು ಹಾಳು ಮಾಡಬೇಕೆಂದು ಹೊರಟವರಲ್ಲ. ಪ್ರತಿಯೊಬ್ಬರೂ ತಪ್ಪಿಸಿಕೊಂಡದ್ದು ಒಂದು ಕೆಸರಿನ ಗುಂಡಿಯನ್ನು, ಅಷ್ಟೇ.

ಈ ಆತಂಕ ಎಟಿವಿಗಿಂತಲೂ ಹಳೆಯದು. ಅಮೆರಿಕ 1964ರಲ್ಲೇ ವೈಲ್ಡರ್‌ನೆಸ್ ಕಾಯ್ದೆ ಮಾಡಿ ಕೆಲವು ಕಾಡುಗಳನ್ನು ಮೋಟಾರಿನಿಂದ ಪೂರ್ತಿ ಹೊರಗಿಟ್ಟಿತ್ತು. 1972ರ ಫೆಬ್ರವರಿ 8ರಂದು ಅಧ್ಯಕ್ಷ ನಿಕ್ಸನ್ ಒಂದು ಆದೇಶಕ್ಕೆ ಸಹಿ ಹಾಕಿದರು. ರಸ್ತೆ ಬಿಟ್ಟು ಓಡುವ ಮೋಜಿನ ಗಾಡಿಗಳು ದೇಶದಲ್ಲಿ ಆಗಲೇ ಸುಮಾರು 50 ಲಕ್ಷ ಇವೆ, ಸರ್ಕಾರಿ ಜಮೀನಿನಲ್ಲಿ ಅವು ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂದು ಗೆರೆ ಎಳೆಯಿರಿ ಎಂಬುದು ಅದರ ಸಾರ. ಮಣ್ಣು, ನೀರು, ಗಿಡಕ್ಕೆ ಹಾನಿ ಕಡಿಮೆಯಾಗಬೇಕು, ಪ್ರಾಣಿಗಳಿಗೆ ಕಾಟವಾಗಬಾರದು, ನಡೆದು ಬರುವವರ ಜೊತೆ ಜಗಳವಾಗಬಾರದು ಎಂದೂ ಹೇಳಿತ್ತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದಕ್ಕೆ ಹಲ್ಲು ಕೊಟ್ಟರು. ಹಾನಿ ಕಂಡ ಜಾಗವನ್ನು ಅಧಿಕಾರಿಗಳು ತಕ್ಷಣ ಮುಚ್ಚಬಹುದಾಯಿತು.

ಗೆರೆ ಎಳೆಯಲು ಮಾತ್ರ ಮೂವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ, 2000ದ ಹೊತ್ತಿಗೆ, ಇಂಥ ಗಾಡಿಗಳಲ್ಲಿ ಓಡಾಡುವವರು 3 ಕೋಟಿ 60 ಲಕ್ಷ ಎಂದು ಅರಣ್ಯ ಇಲಾಖೆಯೇ ಲೆಕ್ಕ ಕೊಟ್ಟಿತು. 2005ರಲ್ಲಿ ಬಂದ ನಿಯಮದ ಪ್ರಕಾರ ಪ್ರತಿಯೊಂದು ರಾಷ್ಟ್ರೀಯ ಅರಣ್ಯವೂ ಗಾಡಿ ಓಡಬಹುದಾದ ದಾರಿಗಳ ನಕ್ಷೆ ಮಾಡಬೇಕು. ನಕ್ಷೆಯಲ್ಲಿಲ್ಲದ ಕಡೆ ಓಡಿಸಿದರೆ ತಪ್ಪು. ಇದರಲ್ಲಿ ಬೇಟೆಗಾರನಿಗೆಂದೇ ಒಂದು ಸಣ್ಣ ಕಿಂಡಿ ಬಿಟ್ಟರು. ಹೊಡೆದ ದೊಡ್ಡ ಪ್ರಾಣಿಯನ್ನು ತರಲು, ಗೊತ್ತುಮಾಡಿದ ದಾರಿಯಿಂದ ಇಂತಿಷ್ಟು ದೂರ ಒಳಗೆ ಗಾಡಿ ತೆಗೆದುಕೊಂಡು ಹೋಗಲು ಆಯಾ ಅರಣ್ಯದ ಅಧಿಕಾರಿ ಅವಕಾಶ ಕೊಡಬಹುದು. ಹೋಗುವಾಗ ನಡೆ, ತರುವಾಗ ಬೇಕಾದರೆ ಗಾಡಿ ತಾ. ಹಳೆಯ ಬೆನ್ನಿನ ಲೆಕ್ಕಕ್ಕೂ ಹೊಸ ಗಾಡಿಗೂ ನಡುವೆ ಕಾನೂನು ಕಂಡುಕೊಂಡ ಒಡಂಬಡಿಕೆ ಇದು.

ಪ್ರಾಣಿಗಳನ್ನೂ ಕೇಳಿದರು. ಆರೆಗಾನ್ ರಾಜ್ಯದ ಸ್ಟಾರ್ಕಿ ಎಂಬಲ್ಲಿ ಎತ್ತರದ ಬೇಲಿ ಹಾಕಿದ ಸಂಶೋಧನಾ ಅರಣ್ಯವಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಎಲ್ಕ್‌ಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಒಂದು ಪರೀಕ್ಷೆ ನಡೆಯಿತು. ಎಲ್ಕ್ ನಮ್ಮ ಕಡವೆಯಂಥ ದೊಡ್ಡ ಜಿಂಕೆ. ಎಟಿವಿ, ಸೈಕಲ್, ಕಾಲ್ನಡಿಗೆ, ಕುದುರೆ ನಾಲ್ಕನ್ನೂ ಬೇರೆ ಬೇರೆ ಸಮಯಕ್ಕೆ ಕಾಡಿನೊಳಗೆ ಬಿಟ್ಟು ಎಲ್ಕ್‌ಗಳು ಎಷ್ಟು ಓಡುತ್ತವೆ ಎಂದು ಅಳೆದರು. ಎಟಿವಿ ಬಂದಾಗ ಅತಿ ಹೆಚ್ಚು. ಸೈಕಲ್, ನಡೆಯುವವರು ಆಮೇಲೆ. ಕುದುರೆಗೆ ಎಲ್ಲಕ್ಕಿಂತ ಕಡಿಮೆ. ಅದೇ ಕಾಡಿನ ಇನ್ನೊಂದು ಜಾತಿಯ ಜಿಂಕೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಚಳಿಗಾಲಕ್ಕೆಂದು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವ ಪ್ರಾಣಿಗೆ ಪ್ರತಿ ಓಟವೂ ಖರ್ಚೇ. ಅದು ರಸ್ತೆಯಿಂದ ದೂರ ಸರಿದರೆ ಬೇಟೆಗಾರ ಇನ್ನೂ ಒಳಗೆ ಗಾಡಿ ನುಗ್ಗಿಸುತ್ತಾನೆ, ಅದು ಇನ್ನೂ ದೂರ ಹೋಗುತ್ತದೆ. ಗಾಡಿಯಿಂದ ಉಳಿದ ಶ್ರಮವನ್ನು ಗಾಡಿಯೇ ತಿಂದುಹಾಕುವ ಬಗೆ ಇದು.

ಬೇಟೆಯ ನ್ಯಾಯ

ಗಾಡಿಯ ಬಗ್ಗೆ ಅತಿ ಖಾರವಾದ ಮಾತು ಬಂದದ್ದು ಬೇಟೆಯನ್ನು ವಿರೋಧಿಸುವವರಿಂದ ಮಾತ್ರ ಅಲ್ಲ, ಬೇಟೆಗಾರರಿಂದಲೇ. ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಬೂನ್ ಅಂಡ್ ಕ್ರಾಕೆಟ್ ಎಂಬ ಕ್ಲಬ್ ಕಟ್ಟಿದ್ದರು. ‘ಫೇರ್ ಚೇಸ್’ ಎಂಬ ಮಾತನ್ನು ಗಟ್ಟಿ ಮಾಡಿದ್ದು ಆ ಕ್ಲಬ್. ತಪ್ಪಿಸಿಕೊಳ್ಳುವ ಅವಕಾಶ ಪ್ರಾಣಿಗೆ ಇದ್ದರೆ ಮಾತ್ರ ಅದು ಬೇಟೆ, ಇಲ್ಲದಿದ್ದರೆ ಬರೀ ಕೊಲೆ ಎಂಬುದು ಅದರ ಅರ್ಥ. ಅಲಾಸ್ಕಾದಲ್ಲಿ ವಿಮಾನದಲ್ಲಿ ಹಾರಿದ ದಿನವೇ ದೊಡ್ಡ ಪ್ರಾಣಿಗಳ ಬೇಟೆಯಾಡುವಂತಿಲ್ಲ, ಮರುದಿನ ಬೆಳಗಿನ ಜಾವ ಮೂರು ಗಂಟೆವರೆಗೆ ಕಾಯಬೇಕು. ಮೇಲಿನಿಂದ ನೋಡಿಕೊಂಡು ಕೆಳಗಿಳಿದು ಹೊಡೆಯಬಾರದು ಎಂದು ಮಾಡಿದ ನಿಯಮ ಅದು. ಹೆಚ್ಚಿನ ರಾಜ್ಯಗಳಲ್ಲಿ ಓಡುವ ಗಾಡಿಯ ಮೇಲಿಂದ ಗುಂಡು ಹಾರಿಸಬಾರದು. ಅಂಗವಿಕಲರಿಗೆ ನಿಂತ ಗಾಡಿಯಿಂದ ಹೊಡೆಯಲು ಪರವಾನಗಿ ಕೊಡುವ ರಾಜ್ಯಗಳು ಹಲವು ಇವೆ.

ಕಾನೂನಿನ ಆಚೆಗೂ ಒಂದು ಜಗಳವಿದೆ. ಎರಡು ದಿನ ನಡೆದು, ಗಾಳಿಯ ದಿಕ್ಕು ನೋಡಿ, ಹೆಜ್ಜೆ ಸಪ್ಪಳವಾಗದಂತೆ ಬಂದು ಕಾದು ಕೂತವನ ಕಿವಿಗೆ ಬೆಳಗಿನ ಹೊತ್ತಲ್ಲಿ ಎಂಜಿನ್ ಸದ್ದು ಕೇಳುತ್ತದೆ. ಅವನ ಎರಡು ದಿನ ಅಲ್ಲಿಗೆ ಮುಗಿಯಿತು. ಗಾಡಿಯ ಮೇಲೆ ಬಂದ ಮುದುಕನಿಗೆ ಬೇರೆ ದಾರಿ ಇರಲಿಲ್ಲ. ಇಬ್ಬರೂ ತೆರಿಗೆ ಕಟ್ಟಿದವರು, ಇಬ್ಬರಿಗೂ ಆ ಕಾಡು ಸೇರಿದ್ದು. ಒಬ್ಬನ ಗಾಡಿ ಹತ್ತು ಜನರ ಮೌನವನ್ನು ಖರ್ಚು ಮಾಡುತ್ತದೆ, ಹತ್ತು ಜನರ ನಡಿಗೆ ಒಬ್ಬನ ಸವಾರಿಗೆ ಅಡ್ಡಿ ಮಾಡುವುದಿಲ್ಲ. ಎಲ್ಲರಿಗೂ ಸಮ ಎಂದು ದಾರಿ ತೆರೆದಾಗ ನಿಜಕ್ಕೂ ಸಮವಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ನಮ್ಮ 1972

ಇದೆಲ್ಲ ದೂರದ ದೇಶದ ಮಾತು ಅನ್ನಿಸಬಹುದು. ಗಾಡಿಯಿಂದ ಬೇಟೆಯಾಡಿದರೆ ಏನಾಗುತ್ತದೆ ಎನ್ನುವುದನ್ನು ಎಟಿವಿ ಹುಟ್ಟುವ ಮೊದಲೇ ನಾವು ನೋಡಿದ್ದೆವು. ಕೋಟಾದ ಮಹಾರಾಜ ಉಮೇದ್ ಸಿಂಗರು 1925ರಲ್ಲಿ ಒಂದು ರೋಲ್ಸ್ ರಾಯ್ಸ್ ಮಾಡಿಸಿದ್ದರು. ಕಾಡಿನ ರಾತ್ರಿಗೆ ದೊಡ್ಡ ಸರ್ಚ್‌ಲೈಟು, ಬಂದೂಕುಗಳಿಗೆ ಜಾಗ, ಎಲ್ಲ ಹುಲಿ ಬೇಟೆಗೆಂದೇ. 1947ರಲ್ಲಿ ಈಗಿನ ಛತ್ತೀಸ್‌ಗಢದಲ್ಲಿರುವ ಕೊರಿಯಾ ಸಂಸ್ಥಾನದ ರಾಜ ರಾಮಾನುಜ ಪ್ರತಾಪ್ ಸಿಂಗ್ ದೇವ್ ರಾತ್ರಿ ಕಾರಿನಲ್ಲಿ ಹೋಗುತ್ತಿದ್ದಾಗ ಮೂರು ಗಂಡು ಚೀತಾಗಳು ಕಣ್ಣಿಗೆ ಬಿದ್ದವು. ಮೂರನ್ನೂ ಹೊಡೆದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್ಲಿಗೆ ಈ ಸುದ್ದಿ ಫೋಟೊ ಸಮೇತ ಹೋಯಿತು. ದೇಶದಲ್ಲಿ ಚೀತಾ ಉಳಿದಿಲ್ಲವೆಂದು 1952ರಲ್ಲಿ ಘೋಷಣೆಯಾಯಿತು. ಮೊಗಲರು ಅದೇ ಚೀತಾವನ್ನು ಪಳಗಿಸಿ ಕೃಷ್ಣಮೃಗದ ಬೇಟೆಗೆ ಬಿಡುತ್ತಿದ್ದರು. ನೆಲದ ಮೇಲಿನ ಅತಿ ವೇಗದ ಪ್ರಾಣಿಗೆ ಕಾರಿನ ದೀಪದ ಮುಂದೆ ಆ ವೇಗ ಕೆಲಸಕ್ಕೆ ಬರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯ ಜೀಪುಗಳು ಅಗ್ಗಕ್ಕೆ ಸಿಕ್ಕವು. ರಾಜರ ಶೋಕಿ ಗುತ್ತಿಗೆದಾರನಿಗೂ ಅಧಿಕಾರಿಗೂ ಎಟುಕಿತು. ರಾತ್ರಿ, ಜೀಪು, ಸ್ಪಾಟ್‌ಲೈಟು. ಬೆಳಕು ಕಣ್ಣಿಗೆ ಹೊಡೆದರೆ ಕೃಷ್ಣಮೃಗ ಕದಲದೆ ನಿಲ್ಲುತ್ತದೆ. ಬಯಲುಸೀಮೆಯಲ್ಲಿ ಹಿಂಡು ಹಿಂಡಾಗಿ ಓಡಾಡುತ್ತಿದ್ದ ಪ್ರಾಣಿ ಒಂದೆರಡು ದಶಕಗಳಲ್ಲಿ ಅಲ್ಲೊಂದು ಇಲ್ಲೊಂದು ಗುಂಪಿಗೆ ಇಳಿಯಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕೆಂದೇ ಅಭಯಾರಣ್ಯ ಮಾಡಬೇಕಾಯಿತು.

ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದ ನಮ್ಮಲ್ಲಿ ಹಲವರಿಗೆ ಬೇಟೆ ಎಂದರೆ ಕಾಲ್ನಡಿಗೆ, ಮರದ ಮೇಲಿನ ಅಟ್ಟಣೆ, ರಾತ್ರಿಯೆಲ್ಲ ಸೊಳ್ಳೆ ಕಚ್ಚಿಸಿಕೊಂಡು ಕಾಯುವುದು. ಅದೇ ವರ್ಷಗಳಲ್ಲಿ ಅದೇ ದೇಶದಲ್ಲಿ ಕಾಡನ್ನು ಬರಿದು ಮಾಡಿದ ಬೇಟೆಯ ಕಥೆಯನ್ನು ಯಾರೂ ಅಷ್ಟು ಚೆನ್ನಾಗಿ ಬರೆಯಲಿಲ್ಲ. ಬರೆಯಲು ಅದರಲ್ಲಿ ಕಥೆಯೇ ಇರಲಿಲ್ಲ. ದೀಪ, ಗುಂಡು, ಮುಗಿಯಿತು.

ನಿಕ್ಸನ್ ಸಹಿ ಹಾಕಿದ ಏಳು ತಿಂಗಳಿಗೆ, 1972ರ ಸೆಪ್ಟೆಂಬರ್‌ನಲ್ಲಿ, ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಗಿನ್ನೂ ಅದು ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ, ಕೆಲವು ಪ್ರಾಣಿಗಳಿಗೆ ಪರವಾನಗಿ ಕೊಡಲು ಅವಕಾಶವಿತ್ತು. ಆದರೆ ಅದರ 17ನೆಯ ಸೆಕ್ಷನ್ ಗಾಲಿಯ ಗಾಡಿಯ ಮೇಲಿಂದ ಬೇಟೆಯಾಡಬಾರದು, ಮೋಟಾರು ಓಡಿಸಿ ಪ್ರಾಣಿಗಳನ್ನು ಅಟ್ಟಬಾರದು, ರಾತ್ರಿ ಬೇಟೆ ಕೂಡದು ಎಂದು ಬಿಡಿಸಿ ಹೇಳಿತು. 1991ರಲ್ಲಿ ಬೇಟೆಯ ಪರವಾನಗಿಯೇ ಹೋದಾಗ ಆ ಸೆಕ್ಷನ್ನಿಗೂ ಕೆಲಸ ಉಳಿಯಲಿಲ್ಲ, ತೆಗೆದುಹಾಕಿದರು.

ಒಂದೇ ವರ್ಷ, ಎರಡು ದೇಶ, ಒಂದೇ ಪ್ರಶ್ನೆ. ಅವರಲ್ಲಿ ಕಾಡು ಬಹಳ, ಜನ ಕಡಿಮೆ. ಗೆರೆ ಎಳೆದು ಹಂಚಿಕೊಳ್ಳಲು ನೋಡಿದರು, ಇನ್ನೂ ಹಂಚುತ್ತಲೇ ಇದ್ದಾರೆ. ನಮ್ಮಲ್ಲಿ ಉಳಿದ ಕಾಡು ಕಡಿಮೆ, ಜನ ಬಹಳ. ಬಾಗಿಲೇ ಹಾಕಿದೆವು. ಹಾಗೆ ಹಾಕಿದ ಬಾಗಿಲಿನ ಹೊರಗೆ ಶೋಕಿಯ ಜೀಪಿನವನ ಜೊತೆಗೆ ಹೊಟ್ಟೆಗಾಗಿ ಮೊಲ ಹಿಡಿಯುತ್ತಿದ್ದ ಕಾಡಿನ ಮನುಷ್ಯನೂ ಉಳಿದ. ಅಲಾಸ್ಕಾದ ಕಾನೂನು ಇವರಿಬ್ಬರನ್ನು ಬೇರೆ ಬೇರೆಯಾಗಿ ನೋಡಲು ಪ್ರಯತ್ನಪಟ್ಟಿತು. ನಮ್ಮದು ಒಂದೇ ಬೀಗದಲ್ಲಿ ಮುಗಿಸಿತು.

ಬೇಟೆ ಹೋಯಿತು, ಗಾಡಿ ಉಳಿಯಿತು. ಇಂದು ಸಫಾರಿ ಜೀಪಿನಲ್ಲಿ ಕೂತು ಹುಲಿ ನೋಡಲು ಹೋಗುವ ನಮ್ಮ ಕೈಯಲ್ಲಿ ಬಂದೂಕಿಲ್ಲ, ಕ್ಯಾಮೆರಾ ಇದೆ. ಒಂದು ಹುಲಿಯ ಸುತ್ತ ಹತ್ತು ಜೀಪು ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಲಡಾಖ್‌ನ ಎತ್ತರದಲ್ಲಿ ಸೇನೆಗೆ ಎಟಿವಿ ಬೇಕು, ಕಡಲ ದಂಡೆಯಲ್ಲಿ ಮುಳುಗುತ್ತಿರುವವನ ಕಡೆಗೆ ಓಡುವ ಪೊಲೀಸನಿಗೂ ಬೇಕು, ಮೂಸ್ ಹೊತ್ತು ತರುವ ಮುದುಕನಿಗೂ ಬೇಕು. ಮುಂದಿನ ಸಲ ರೆಸಾರ್ಟಿನಲ್ಲಿ ಮಗು ಅದರ ಮೇಲೆ ಕೂರುತ್ತೇನೆ ಎಂದರೆ ಮೊದಲು ಹೆಲ್ಮೆಟ್ ಹಾಕಿಸಿ, ಗಾಡಿ ಎಷ್ಟು ಸಿಸಿಯದು ಎಂದು ಕೇಳಿ. ಆಮೇಲೆ, ಮಗುವಿಗೆ ವ್ಯವಧಾನವಿದ್ದರೆ, 225 ಕಿಲೋ ಮಾಂಸವನ್ನು ಬೆನ್ನ ಮೇಲೆ ಹೊರುತ್ತಿದ್ದವರ ಕಥೆಯನ್ನೂ ಹೇಳಿ.